ಟಚ್ ವಾ: ಮೆಲ್ಲಗೆ ನುಡಿಸಿದರೂ ಬಿರುಸಾಗಿ ಹೊಡೆದರೂ ಒಂದೇ ‘ವಾ’, ಏಕೆ?

ಸಿಂಥ್ ಕೀಬೋರ್ಡ್‌ನ ಕ್ಲ್ಯಾವಿನೆಟ್ ಟೋನ್‌ಗೆ ಟಚ್ ವಾ (ನುಡಿಸುವ ಬಿರುಸಿಗೆ ತಕ್ಕಂತೆ ಸದ್ದು ಸೋಸುವ ಫಿಲ್ಟರ್ ತೆರೆದು ಮುಚ್ಚಿ ‘ವಾ’ ಎನಿಸುವ ಎಫೆಕ್ಟ್) ಹಾಕಿದ್ದೇನೆ. ಹೇಗೆ ನುಡಿಸಿದರೂ ‘ವಾ’ ಒಂದೇ ಥರ. ಕಾರ್ಡ್ (ಒಟ್ಟಿಗೆ ನುಡಿಸುವ ಹಲವು ಸ್ವರ) ಹಿಡಿದರಂತೂ ಫಿಲ್ಟರ್ ತೆರೆದುಕೊಂಡೇ ಇರುತ್ತದೆ. ಬಳಸಿ ಗೊತ್ತಿರುವವರು ದಯವಿಟ್ಟು ತಿಳಿಸಿ.

—

ಈ ಎಫೆಕ್ಟ್‌ಗೆ ನಿಮ್ಮ ಬೆರಳು ಗೊತ್ತಿಲ್ಲ, ಒಳಗೆ ಬರುವ ಸದ್ದಿನ ಮಟ್ಟ ಮಾತ್ರ ಗೊತ್ತು. ಸದ್ದು ಏರಿದರೆ ಫಿಲ್ಟರ್‌ನ ಕಟಾಫ್ (ಅದು ಸದ್ದನ್ನು ಸೋಸುವ ಕಂಪನಾಂಕದ ಗಡಿ) ಏರುತ್ತದೆ, ಇಳಿದರೆ ಇಳಿಯುತ್ತದೆ. 1972ರ ಮ್ಯೂ-ಟ್ರಾನ್ 3 ಪೆಡಲ್ ಮಾಡುತ್ತಿದ್ದುದೂ ಇದನ್ನೇ. ಸೆನ್ಸಿಟಿವಿಟಿ (ಸದ್ದಿಗೆ ಫಿಲ್ಟರ್ ಎಷ್ಟು ಸ್ಪಂದಿಸಬೇಕೆಂಬುದು) ಹೆಚ್ಚಿದ್ದರೆ ಮೆಲ್ಲನೆಯ ಸ್ವರಕ್ಕೇ ಕಟಾಫ್ ತುದಿ ಮುಟ್ಟುತ್ತದೆ. ಆಮೇಲೆ ಎಷ್ಟು ಹೊಡೆದರೂ ಏರಲು ಜಾಗವಿರುವುದಿಲ್ಲ.

ಸೆನ್ಸಿಟಿವಿಟಿಯನ್ನು ಸೊನ್ನೆಗೆ ತನ್ನಿ. ಕಟಾಫ್ ಅನ್ನು (ಕೆಲವದರಲ್ಲಿ ‘ಮ್ಯಾನ್ಯುಯಲ್’ ಎಂದಿರುತ್ತದೆ) 400 ಹರ್ಟ್ಸ್ ಆಸುಪಾಸಿಗಿಡಿ. ಹರ್ಟ್ಸ್ ತೋರಿಸದಿದ್ದರೆ, ಸ್ವರ ಮಂಕಾಗಿದ್ದರೂ ಕೇಳಿಸುವಷ್ಟಿರಲಿ. ನಿಮ್ಮ ಅತಿ ಬಿರುಸಿನ ಹೊಡೆತವನ್ನೇ ಮತ್ತೆ ಮತ್ತೆ ಹೊಡೆಯುತ್ತ ಸೆನ್ಸಿಟಿವಿಟಿ ಏರಿಸಿ. ಹೊಳಪು ಹೆಚ್ಚುವುದು ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಒಂದಿಷ್ಟು ಹಿಂದೆ ಬನ್ನಿ. ರೆಸೊನೆನ್ಸ್ (ಕಟಾಫ್ ಆಸುಪಾಸಿನ ಸದ್ದನ್ನು ಎತ್ತುವುದು) ಮುಟ್ಟುವುದು ಕೊನೆಗೆ: ಮೊದಲೇ ಏರಿಸಿದರೆ ಆ ಸಿಳ್ಳಿನಂಥ ಮೊನೆ ಕಿವಿಯನ್ನು ದಾರಿ ತಪ್ಪಿಸುತ್ತದೆ.

—

ಅದಕ್ಕೂ ಮೊದಲು ಟೋನ್ ಪರೀಕ್ಷಿಸಿ. ವಾ ಆಫ್ ಮಾಡಿ ಮೆಲ್ಲಗೊಮ್ಮೆ, ಜೋರಾಗೊಮ್ಮೆ ನುಡಿಸಿ. ವಾಲ್ಯೂಮ್‌ನಲ್ಲಿ ಸ್ಪಷ್ಟ ವ್ಯತ್ಯಾಸ ಇಲ್ಲದಿದ್ದರೆ ವಾಗೆ ಹಿಡಿಯಲು ಏನೂ ಸಿಗದು. ಕೀಬೋರ್ಡ್‌ನ ವೆಲಾಸಿಟಿ (ಕೀ ಒತ್ತುವ ಬಿರುಸಿನ ಅಳತೆ) ‘ಫಿಕ್ಸೆಡ್’ನಲ್ಲಿ ಇರಬಹುದು, ಟೋನ್‌ನ ಆ್ಯಂಪ್ ವೆಲಾಸಿಟಿ (ಆ ಬಿರುಸಿಗೆ ವಾಲ್ಯೂಮ್ ಬದಲಾಗುವ ಪ್ರಮಾಣ) ತೀರ ಕಡಿಮೆ ಇರಬಹುದು, ಇಲ್ಲವೇ ವಾಗಿಂತ ಮೊದಲು ಕಂಪ್ರೆಸರ್ ಕೂತು ಎಲ್ಲವನ್ನೂ ಸಮತಟ್ಟು ಮಾಡುತ್ತಿರಬಹುದು. ಹೇಗೆ ಒತ್ತಿದರೂ ಸದ್ದು ಬದಲಾಗದ ಆರ್ಗನ್ ಟೋನ್‌ಗೆ ಟಚ್ ವಾ ಒಗ್ಗದಿರುವುದೂ ಇದಕ್ಕೇ.

—

ಕಾರ್ಡ್ ವಿಷಯ: ಮೂರು ಸ್ವರಗಳ ಸದ್ದು ಕೂಡಿ ಒಂದೇ ಫಿಲ್ಟರ್‌ಗೆ ಹೋಗುತ್ತದೆ. ಆದ್ದರಿಂದ ಕಾರ್ಡ್ ನುಡಿಸುವುದಾದರೆ ಸೆನ್ಸಿಟಿವಿಟಿಯನ್ನೂ ಕಾರ್ಡ್ ಹಿಡಿದೇ ಹೊಂದಿಸಿ. ಸಸ್ಟೇನ್ ಪೆಡಲ್ ಬೇಡ. ಸದ್ದು ಬೀಳದೆ ಫಿಲ್ಟರ್ ಮುಚ್ಚುವುದಿಲ್ಲ. ಕೀಯಿಂದ ಬೆರಳನ್ನು ಬೇಗ ಎತ್ತಿದಾಗಲೇ ಮುಂದಿನ ‘ವಾ’ ಚೊಕ್ಕವಾಗಿ ಬರುತ್ತದೆ.

ಪ್ರತಿ ಸ್ವರಕ್ಕೂ ಅದರದೇ ‘ವಾ’ ಬೇಕಿದ್ದರೆ ಎಫೆಕ್ಟ್ ಬಿಟ್ಟು ಟೋನ್‌ನ ಒಳಗಿನ ಫಿಲ್ಟರ್ ಬಳಸಿ: ಎನ್ವಲಪ್‌ನ (ಪ್ರತಿ ಸ್ವರಕ್ಕೂ ಫಿಲ್ಟರ್ ತೆರೆದು ಮುಚ್ಚುವ ಕ್ರಮ) ಅಟ್ಯಾಕ್, ಅಂದರೆ ಏರುವ ಸಮಯ, 10–20 ಮಿಲಿಸೆಕೆಂಡ್; ಡಿಕೇ, ಅಂದರೆ ಇಳಿಯುವ ಸಮಯ, 250ರ ಹತ್ತಿರ; ಸಸ್ಟೇನ್, ಅಂದರೆ ಇಳಿದು ನಿಲ್ಲುವ ಮಟ್ಟ, ಸೊನ್ನೆಯ ಸಮೀಪ. ಎನ್ವಲಪ್‌ನ ಆಳವನ್ನು ವೆಲಾಸಿಟಿಗೆ ಜೋಡಿಸಿ. ಆದರೆ ಇಡೀ ಕಾರ್ಡ್ ಒಂದೇ ಬಾಯಿಂದ ಬಂದಂತಿರುವ ಗುಣ ಆಗ ಹೋಗುತ್ತದೆ. ಫಂಕ್‌ಗೆ ನನ್ನ ಮತ ಎಫೆಕ್ಟ್ ಕಡೆಗೇ.

—

ಡಿಸ್ಟಾರ್ಷನ್ ಇದ್ದರೆ ವಾ ಆದ ಮೇಲೆ ಹಾಕಿ. ಮೊದಲೇ ಹಾಕಿದರೆ ಅದೂ ಕಂಪ್ರೆಸರ್‌ನಂತೆ ಏರಿಳಿತ ನುಂಗುತ್ತದೆ. ಡಿಲೇ, ರಿವರ್ಬ್ ಎಲ್ಲಕ್ಕಿಂತ ಕೊನೆಗೆ. ಇಲ್ಲದಿದ್ದರೆ ಪ್ರತಿಧ್ವನಿಗಳೂ ಫಿಲ್ಟರ್ ತೆರೆಯುತ್ತವೆ. ಬೇಸ್ ಟೋನ್‌ಗಾದರೆ ಬ್ಯಾಂಡ್‌ಪಾಸ್ (ನಡುವಿನ ಪಟ್ಟಿಯನ್ನಷ್ಟೇ ಬಿಡುವ ಫಿಲ್ಟರ್) ತೆಗೆದು ಲೋಪಾಸ್ (ಕೆಳಗಿನ ಸದ್ದನ್ನು ಬಿಡುವುದು) ಆರಿಸಿ. ಆ ಆಯ್ಕೆ ಇಲ್ಲದಿದ್ದರೆ ಮೂಲ ಸದ್ದನ್ನು ಮೂರನೇ ಒಂದರಷ್ಟು ಬೆರೆಸಿ, ಕೆಳಗಿನ ತೂಕ ಉಳಿಯುತ್ತದೆ.