ಸಹಾಯ ಬೇಕು: ಎದೆಯ ಗಾತ್ರ ಕಡಿಮೆ ಮಾಡುವ ಆಪರೇಷನ್ ಆದವರು ಇದ್ದೀರಾ?

ಅಕ್ಕಂದಿರೇ, ನಾನು ಹುಬ್ಬಳ್ಳಿಯವಳು, ವಯಸ್ಸು 34. ಎದೆಯ ಭಾರಕ್ಕೆ ಕುತ್ತಿಗೆ, ಬೆನ್ನು ದಿನಾ ನೋಯುತ್ತದೆ. ಬ್ರಾ ಪಟ್ಟಿ ಒತ್ತಿ ಹೆಗಲಲ್ಲಿ ತಗ್ಗು ಬಿದ್ದಿದೆ. ಬೇಸಿಗೆಯಲ್ಲಿ ಎದೆಯ ಕೆಳಗೆ ಗುಳ್ಳೆ, ಉರಿ. ಚಂದಕ್ಕಾಗಿ ಅಲ್ಲ, ನೋವು ಸಾಕಾಗಿದೆ.

ಪೂರ್ತಿ ಅರಿವಳಿಕೆ ಕೊಟ್ಟು 3-4 ಗಂಟೆ ಮಾಡುತ್ತಾರಂತೆ. ಕಲೆ ಉಳಿಯುತ್ತದೆ, ತಿಳಿಯಾಗಲು ವರ್ಷವಾದರೂ ಬೇಕು. ಮುಂದೆ ಮಗುವಾದರೆ ಹಾಲು ಸಾಲದೆ ಹೋಗಬಹುದು ಎಂದರು ಡಾಕ್ಟರ್. ಈ ಮಾತೇ ಜಾಸ್ತಿ ಕಾಡುತ್ತಿದೆ, ನನಗೆ ಇನ್ನೊಂದು ಮಗುವಿನ ಆಸೆ ಇದೆ. ಆಪರೇಷನ್ ಆದಮೇಲೆ ಹಾಲುಣಿಸಿದವರು ಇದ್ದೀರಾ?

4-6 ವಾರ ಭಾರ ಎತ್ತಬಾರದು ಎಂದಿದ್ದಾರೆ. ನಮ್ಮ ಓಣಿಗೆ ನೀರು ಬರುವುದೇ ವಾರಕ್ಕೊಮ್ಮೆ, ಕೊಡ ಎತ್ತುವವಳು ನಾನೇ ಅಲ್ವಾ? ನೀವು ಹೇಗೆ ಸಂಭಾಳಿಸಿದಿರಿ? ಅತ್ತೆಗೆ ಏನಂತ ಹೇಳಿದಿರಿ? ಇಲ್ಲಿ ಬರೆಯಲು ಮುಜುಗರವಾದರೆ ಮೆಸೇಜ್ ಮಾಡಿ.