ಅಪ್‌ಡೇಟ್: ಅಪ್ಪನ ಟಿಬಿ ಬಗ್ಗೆ ಕೇಳಿದ್ದೆ

ಅಪ್ಪನಿಗೆ ಶ್ವಾಸಕೋಶದ ಟಿಬಿ ಅಂತ ಗೊತ್ತಾದಾಗ, ತಟ್ಟೆ ಲೋಟ ಬೇರೆ ಇಡಬೇಕಾ, ಮಗಳನ್ನು ತಾತನ ಹತ್ತಿರ ಬಿಡಬಹುದಾ ಅಂತ ಕೇಳಿದ್ದೆ. ಮೊನ್ನೆ 6 ತಿಂಗಳ ಔಷಧಿ ಮುಗಿಯಿತು. ಕಫದ ಪರೀಕ್ಷೆಯಲ್ಲಿ ರೋಗಾಣು ಇಲ್ಲ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ಟಿಬಿ ಹರಡುವುದು ಗಾಳಿಯಲ್ಲಿ, ರೋಗಿ ಕೆಮ್ಮಿದಾಗ, ಸೀನಿದಾಗ. ತಟ್ಟೆ, ಬಟ್ಟೆಯಿಂದ ಅಲ್ಲ. ನಾವು ಮೊದಲ ವಾರ ಅಪ್ಪನ ಸ್ಟೀಲ್ ಲೋಟವನ್ನು ಹಿತ್ತಲ ಕಟ್ಟೆ ಮೇಲೆ ಇಟ್ಟಿದ್ದೆವು. ಅವರು ಏನೂ ಅನ್ನದೆ ತಾವೇ ತೊಳೆದುಕೊಳ್ಳುತ್ತಿದ್ದರು. ನೆನಪಾದರೆ ಈಗಲೂ ಕರುಳು ಚುರುಕ್ ಅನ್ನುತ್ತದೆ. ಥಂಡಿ ಅಂತ ಅವರ ಕೋಣೆಯ ಕಿಟಕಿ ಬೇರೆ ಮುಚ್ಚಿದ್ದೆವು. ತೆರೆದಿಡಬೇಕಾಗಿದ್ದು ಅದನ್ನೇ ಅಲ್ವಾ?

ಮಗಳಿಗೆ 4 ವರ್ಷ. 5 ವರ್ಷದೊಳಗಿನ ಮಕ್ಕಳಿಗೆ ಅಪಾಯ ಜಾಸ್ತಿ. ಟಿಬಿ ಇಲ್ಲ ಅಂತ ಖಚಿತ ಮಾಡಿಕೊಂಡು, ಬರದಂತೆ ತಡೆಯಲು ಐಸೋನಿಯಾಜಿಡ್ ಮಾತ್ರೆ ಕೊಟ್ಟರು.

ಎರಡನೇ ತಿಂಗಳಲ್ಲಿ ಕೆಮ್ಮು ನಿಂತಿತು. ಅಪ್ಪ ಮಾತ್ರೆ ಸಾಕು ಅಂದರು. ಮೂತ್ರ ಕಿತ್ತಳೆ ಬಣ್ಣ ಆಗಿದ್ದಕ್ಕೂ ಹೆದರಿದ್ದರು. ಅದು ಟಿಬಿ ಮಾತ್ರೆಯಲ್ಲಿರುವ ರಿಫಾಂಪಿಸಿನ್‌ನಿಂದ, ತೊಂದರೆ ಇಲ್ಲ ಅಂತ ಆಶಾ ಕಾರ್ಯಕರ್ತೆ ಅಕ್ಕ ಹೇಳಿದರು. ಮಧ್ಯದಲ್ಲಿ ಬಿಟ್ಟರೆ ಉಳಿದ ರೋಗಾಣು ಔಷಧಿಗೆ ಬಗ್ಗದಂತಾಗಬಹುದು ಅಂತ ಕೂರಿಸಿಕೊಂಡು ಬಿಡಿಸಿ ಹೇಳಿದರು. ಆಮೇಲೆ ಅಪ್ಪ ಒಂದು ದಿನವೂ ತಪ್ಪಿಸಲಿಲ್ಲ.

ನಿನ್ನೆ ತಾತ, ಮೊಮ್ಮಗಳು ಒಂದೇ ತಟ್ಟೆಯಲ್ಲಿ ಅವಲಕ್ಕಿ ತಿಂದರು.