ಮಳೆಗಾಲದ ಎಆರ್‌ಟಿ ಸ್ಟಾಕ್: ಪುಸ್ತಕದಲ್ಲಿ 92 ಬಾಟಲಿ, ಕಪಾಟಿನಲ್ಲಿ 86

ಕುಮಟೆಕಡೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಕರಾವಳಿಯ ಒಂದು ಲಿಂಕ್ ಎಆರ್‌ಟಿ ಕೇಂದ್ರದ (ಎಚ್‌ಐವಿ ಇರುವವರಿಗೆ ಔಷಧ ಕೊಡುವ ಉಪಕೇಂದ್ರ) ಲೆಕ್ಕ ಇದು. ಔಷಧ ಕಾರವಾರದಿಂದ ಬರಬೇಕು. ಒಟ್ಟು 46 ಜನ, ಎಲ್ಲರಿಗೂ ಟಿಎಲ್‌ಡಿ (ಡೊಲುಟೆಗ್ರಾವಿರ್ ಸೇರಿ ಮೂರು ಔಷಧ ಒಂದೇ ಗುಳಿಗೆಯಲ್ಲಿ, ದಿನಕ್ಕೆ ಒಂದು), 30 ಗುಳಿಗೆಯ ಬಾಟಲಿ. ಅವರಲ್ಲಿ 34 ಜನ ಮೂರು ತಿಂಗಳಿನದು ಒಟ್ಟಿಗೆ ಒಯ್ಯುತ್ತಾರೆ, 12 ಜನ ತಿಂಗಳು ತಿಂಗಳು ಬರುತ್ತಾರೆ. ಸೋಚ್ ಅನ್ನುವ ಕಂಪ್ಯೂಟರ್ ದಾಖಲೆಯಲ್ಲೂ ರಿಜಿಸ್ಟರಿನಲ್ಲೂ 92 ಬಾಟಲಿ ತೋರಿಸುತ್ತಿದೆ, ಎಣಿಸಿದರೆ ಇರುವುದು 86. ಈ 6 ಬಾಟಲಿ ಎಲ್ಲಿ ತಪ್ಪಿತು ಅಂತ ಹುಡುಕುವುದು ಹೇಗೆ? ಇನ್ನೊಂದು, ಜೂನ್ ಬರುವ ಮುಂಚೆ ಎಷ್ಟು ತರಿಸಿಟ್ಟರೆ ಸಾಕು? ತಿಂಗಳಿಗೆ 46 ಅಂದರೆ 92 ಎರಡು ತಿಂಗಳಿಗೆ ಬರುತ್ತದೆ ಅಂತ ನನ್ನ ಅಂದಾಜು.

ಕಾಳಿದಂಡೆ:

ಮೊದಲು ವ್ಯತ್ಯಾಸದ ವಿಷಯ. ಆ ಅಂಕೆಯನ್ನೇ ನೋಡಿ, ಅರ್ಧ ಉತ್ತರ ಅದರಲ್ಲೇ ಇರುತ್ತದೆ. ಮೂರು ಬಾಟಲಿ ಕೊಟ್ಟು ಎಂಟ್ರಿಯಲ್ಲಿ ಒಂದು ಅಂತ ಹಾಕಿದರೆ ಪುಸ್ತಕ ಕಪಾಟಿಗಿಂತ 2 ಹೆಚ್ಚು ತೋರಿಸುತ್ತದೆ. 6 ಹೆಚ್ಚಿದೆ ಅಂದರೆ ಹೀಗೆ ಮೂವರದ್ದು ತಪ್ಪಿರುವ ಸಾಧ್ಯತೆ ಎಲ್ಲಕ್ಕಿಂತ ಜಾಸ್ತಿ. ತಿರುಗಾಮುರುಗಾ ಆಗಿ ಪುಸ್ತಕದಲ್ಲಿ 29 ಕಡಿಮೆ ಬಂದರೆ ಯಾರೋ ಬಾಟಲಿಯ ಜಾಗದಲ್ಲಿ ಗುಳಿಗೆ ಬರೆದಿದ್ದಾರೆ, 1ರ ಬದಲು 30. ಹೊಸದಾಗಿ ಬಂದ ಪೆಟ್ಟಿಗೆ ಕಪಾಟಿಗೆ ಏರಿ, ಸ್ವೀಕೃತಿ ಹಾಕುವುದು ಉಳಿದಿದ್ದರೆ ಇಡೀ ಪೆಟ್ಟಿಗೆಯಷ್ಟೇ ಅಂತರ ಕಾಣುತ್ತದೆ.

ಹುಡುಕುವಾಗ ಎಲ್ಲ ದಿನ ತಿರುವಬೇಡಿ. ಕಳೆದ ಬಾರಿ ಎಣಿಕೆ ಸರಿಬಂದ ತಾರೀಖಿನಿಂದ ಈಚೆಗೆ, ಕರೆಂಟ್ ಇಲ್ಲದೆ ಮರುದಿನ ಎಂಟ್ರಿ ಮಾಡಿದ ದಿನಗಳನ್ನು ಮೊದಲು ತೆಗೆಯಿರಿ. ಆ ದಿನ ಬಂದವರ ಗ್ರೀನ್ ಬುಕ್ (ಅವರ ಕೈಯಲ್ಲೇ ಇರುವ ಚಿಕಿತ್ಸೆ ಪುಸ್ತಕ) ಮುಂದಿನ ಭೇಟಿಯಲ್ಲಿ ಕೈಗೆ ಸಿಗುತ್ತದಲ್ಲ, ಅದರಲ್ಲಿ ಮುಂದಿನ ತಾರೀಖು 90 ದಿನ ಆಚೆ ಇದ್ದು ಎಂಟ್ರಿಯಲ್ಲಿ 1 ಬಾಟಲಿ ಇದ್ದರೆ ತಪ್ಪು ಅಲ್ಲಿಯೇ. ಬ್ಯಾಚ್ ಬ್ಯಾಚ್‌ವಾರು ಎಣಿಸಿ. ಒಟ್ಟು ಸರಿ ಇದ್ದೂ ಎರಡು ಬ್ಯಾಚ್ ಅದಲುಬದಲಾಗಿದ್ದರೆ ಎಕ್ಸ್‌ಪೈರಿ ಲೆಕ್ಕ ಪೂರ್ತಿ ಕೆಡುತ್ತದೆ.

ದಯವಿಟ್ಟು ಅಂಕೆ ಹೊಂದಿಸಲಿಕ್ಕೆ ಅಂತ ಸುಮ್ಮನೆ 6 ಕಡಿಮೆ ಮಾಡಿಬಿಡಬೇಡಿ. ಮೂವರ ಹೆಸರಲ್ಲಿ 60 ದಿನದ ಔಷಧ ದಾಖಲಾಗದೆ ಉಳಿಯುತ್ತದೆ. ಮುಂದಿನ ತಿಂಗಳು ಅವರು ತಪ್ಪಿಸಿಕೊಂಡವರ ಪಟ್ಟಿಗೆ ಬಿದ್ದು, ನಿಯತ್ತಿನಿಂದ ಗುಳಿಗೆ ನುಂಗುತ್ತಿರುವವರ ಮನೆಗೆ ಫೋನ್ ಹೋಗುತ್ತದೆ.

ಶಿರಸಿ_ಫಾರ್ಮಸಿ:

ಎರಡನೇ ಪ್ರಶ್ನೆಗೆ ಬರುತ್ತೇನೆ. 46ರ ಸರಾಸರಿ ನಂಬಬೇಡಿ. ಮೂರು ತಿಂಗಳಿನದು ಒಯ್ಯುವವರು ಸಮನಾಗಿ ಹಂಚಿಕೊಂಡು ಬರುವುದಿಲ್ಲ, ಅದರಲ್ಲೂ ನಿಮ್ಮ ಕಡೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ಬಂದ್. ಆಗಸ್ಟಿನಲ್ಲಿ ಬೋಟು ಹತ್ತುವವರೆಲ್ಲ ಜುಲೈ ಕೊನೇ ವಾರ ಒಟ್ಟಿಗೇ ಬರುತ್ತಾರೆ. ನಿಮ್ಮ 34ರಲ್ಲಿ 29 ಜನರ ಸರದಿ ಜುಲೈಗೆ ಬಿತ್ತು ಅಂತಿಟ್ಟುಕೊಳ್ಳಿ: 87 ಬಾಟಲಿ, ತಿಂಗಳಿನವರದ್ದು 12, ಒಟ್ಟು 99. ಕಪಾಟಿನಲ್ಲಿ 86. ಎರಡು ತಿಂಗಳಿನ ಸ್ಟಾಕ್ ಅಂದುಕೊಂಡದ್ದು ಒಂದೇ ತಿಂಗಳಿಗೆ 13 ಕಡಿಮೆ!

ಅದಕ್ಕೇ ಇಂಡೆಂಟನ್ನು (ಔಷಧದ ಬೇಡಿಕೆ) ಸರದಿ ಪಟ್ಟಿಯಿಂದ ಮಾಡಿ. ಜೂನ್, ಜುಲೈ, ಆಗಸ್ಟ್ ಮೂರಕ್ಕೂ ಯಾರು ಯಾವ ವಾರ, ಎಷ್ಟು ಬಾಟಲಿ ಅಂತ ಬರೆದು ಕೂಡಿಸಿ, ಅದರ ಮೇಲೆ ಹೊಸಬರಿಗೆ ಮತ್ತು ಬೇರೆ ಊರಿನಿಂದ ಬಂದು ಕೇಳುವವರಿಗೆ ಸ್ವಲ್ಪ ಇಟ್ಟು, ಮೇ ತಿಂಗಳಲ್ಲೇ ತರಿಸಿ. 2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿ 66 ಬಂದ್ ಆಗಿದ್ದು ಗೊತ್ತೇ ಇದೆ. ದೇವಿಮನೆ, ಅರಬೈಲ್ ಘಟ್ಟಗಳದ್ದೂ ಮಳೆಗಾಲದಲ್ಲಿ ಭರವಸೆ ಇಲ್ಲ. ಬೋಟಿಗೆ ಹೋಗದವರ ಸರದಿಯನ್ನು, ಡಾಕ್ಟರರ ಒಪ್ಪಿಗೆ ಪಡೆದು, ಒಮ್ಮೆ ಎರಡೇ ತಿಂಗಳಿನದು ಕೊಟ್ಟು ಜುಲೈನಿಂದ ಜೂನಿಗೆ ಸರಿಸಬಹುದು.

ಎಕ್ಸ್‌ಪೈರಿ ಮೊದಲು ಬರುವುದನ್ನು ಮೊದಲು ಕೊಡಿ ಅನ್ನುವ ನಿಯಮ ಸರಿಯೇ, ಆದರೆ ಮೂರು ಬಾಟಲಿ ಕೊಡುವಾಗ ಅದೊಂದೇ ಸಾಲದು. ಜುಲೈ 28ಕ್ಕೆ ಶುರು ಮಾಡಿದವರು ಮೂರನೇ ಬಾಟಲಿ ತೆರೆಯುವುದು ಸೆಪ್ಟೆಂಬರ್ 26ಕ್ಕೆ, ಮುಗಿಸುವುದು ಅಕ್ಟೋಬರ್ 25ಕ್ಕೆ. ಸೆಪ್ಟೆಂಬರ್ ಎಕ್ಸ್‌ಪೈರಿಯ ಮೂರು ಕೊಟ್ಟರೆ 25 ದಿನ ಅವಧಿ ಮೀರಿದ್ದನ್ನು ನುಂಗಿಸಿದಂತೆ. ಹತ್ತಿರದ ಎಕ್ಸ್‌ಪೈರಿ ತಿಂಗಳಿನವರಿಗೆ ಹೋಗಲಿ. ಮುಚ್ಚಳದ ಮೇಲೆ ಮಾರ್ಕರಿನಲ್ಲಿ 1, 2, 3 ಬರೆದುಕೊಡಿ.

ಅಘನಾಶಿನಿ:

ಟಿಬಿ ಇರುವವರನ್ನು ಈ ಲೆಕ್ಕದಿಂದ ಬೇರೆ ಇಡಿ ಮೇಡಂ. ಟಿಬಿಯ ಔಷಧ ರಿಫಾಂಪಿಸಿನ್ ನಡೆಯುವಾಗ ಡೊಲುಟೆಗ್ರಾವಿರ್ ಬೇಗ ಕರಗಿಹೋಗುತ್ತದೆ, ಹಾಗಾಗಿ ಟಿಎಲ್‌ಡಿ ಆದ 12 ತಾಸಿಗೆ ಡೊಲುಟೆಗ್ರಾವಿರ್ ಒಂದನ್ನೇ ಇನ್ನೊಂದು 50 ಮಿಲಿಗ್ರಾಂ ಕೊಡಬೇಕು, ರಿಫಾಂಪಿಸಿನ್ ನಿಂತ ಮೇಲೂ ಎರಡು ವಾರ. ಟಿಎಲ್‌ಡಿ ಎಷ್ಟು ದಿನಕ್ಕೆ ಕೊಟ್ಟಿರಿ, ಆ ಒಂಟಿ ಗುಳಿಗೆಯೂ ಅಷ್ಟೇ ದಿನಕ್ಕೆ ಇರಬೇಕು. ಮಕ್ಕಳದ್ದು ತೂಕದ ಮೇಲೆ. 14 ಕಿಲೋ ದಾಟಿ 20ರ ಒಳಗಿರುವ ಮಗುವಿಗೆ ಡೊಲುಟೆಗ್ರಾವಿರ್ 10 ಮಿಲಿಗ್ರಾಮಿನದು ದಿನಕ್ಕೆ ಎರಡೂವರೆ, 90 ಗುಳಿಗೆಯ ಬಾಟಲಿ 36 ದಿನಕ್ಕೆ ಖಾಲಿ. ಅಲ್ಲಿ ಬಾಟಲಿ ಅಂದರೆ ತಿಂಗಳು ಅಲ್ಲ.

ಇನ್ನು ನಮ್ಮ ಕರಾವಳಿಯ ತೇವ. ಡಬ್ಬಿ ಗಡಗಡ ಅನ್ನುತ್ತದೆ, ಲೇಬಲ್ ಯಾರಾದರೂ ಓದುತ್ತಾರೆ ಅನ್ನುವ ಅಂಜಿಕೆಗೆ ಎಷ್ಟೋ ಜನ ಗುಳಿಗೆಯನ್ನು ಪ್ಲಾಸ್ಟಿಕ್ ಕವರಿಗೆ ಸುರಿದುಕೊಳ್ಳುತ್ತಾರೆ. ಒಳಗಿನ ತೇವ ಹೀರುವ ಪುಡಿಕೆ ಕಸಕ್ಕೆ ಹೋಗುತ್ತದೆ. ಲೇಬಲ್ ಕೀಳುವವರನ್ನು ಬೈಯಬೇಡಿ. ಬಾಟಲಿಯ ತಳಕ್ಕೆ ಎಕ್ಸ್‌ಪೈರಿ ಬರೆದುಕೊಟ್ಟು, ಗುಳಿಗೆ, ಪುಡಿಕೆ ಎರಡೂ ಅದರಲ್ಲೇ ಇರಲಿ ಅಂತ ಹೇಳಿ.

ಕುಮಟೆಕಡೆ:

ಬಹಳ ಉಪಕಾರ. ಸರದಿ ಪಟ್ಟಿಯನ್ನು ಫೋನ್ ಮಾಡುವವರಿಗೆ ವಾಟ್ಸಾಪಿನಲ್ಲಿ ಕಳಿಸಬಹುದಾ?

ಕಾಳಿದಂಡೆ:

ಬೇಡವೇ ಬೇಡ. 2017ರ ಎಚ್‌ಐವಿ ಕಾಯ್ದೆಯ 11ನೇ ಕಲಂ ಪ್ರಕಾರ ದಾಖಲೆ ಕಾಪಾಡುವ ಹೊಣೆ ಸಂಸ್ಥೆಯದ್ದು. ಹೆಸರು, ಊರು ಒಟ್ಟಿಗಿರುವ ಪಟ್ಟಿಯ ಫೋಟೋ ಒಮ್ಮೆ ಹೊರಬಿದ್ದರೆ ವಾಪಸ್ ತರಲಿಕ್ಕೆ ಆಗುವುದಿಲ್ಲ, ನಮ್ಮಂಥ ಸಣ್ಣ ಊರುಗಳಲ್ಲಂತೂ ಹೆಸರಿನ ಮೊದಲಕ್ಷರ, ಕೇರಿ ಇದ್ದರೂ ಜನ ಗುರುತು ಹಿಡಿಯುತ್ತಾರೆ. ಪಟ್ಟಿಯಲ್ಲಿ ಎಆರ್‌ಟಿ ನಂಬರ್, ವಾರ, ಬಾಟಲಿ ಸಂಖ್ಯೆ ಮಾತ್ರ ಇರಲಿ. ಫೋನ್ ನಂಬರ್ ಇರುವ ರಿಜಿಸ್ಟರ್ ಬೀಗದೊಳಗೆ, ಕರೆ ಕೇಂದ್ರದಿಂದಲೇ. ಯಾವ ನಂಬರಿಗೆ ಮಾಡಬಹುದು ಅಂತ ಅವರಿಂದ ಮೊದಲೇ ಬರೆಸಿಕೊಂಡಿರಿ, ಬೇರೆಯವರು ಎತ್ತಿದರೆ ಕೇಂದ್ರದ ಹೆಸರೂ ಹೇಳದೆ ಆಮೇಲೆ ಮಾಡುತ್ತೇನೆ ಅಂತ ಇಟ್ಟುಬಿಡಿ.